ರೋನ್ ತೀರದಿಂದ ಕೃಷ್ಣಾತೀರಕ್ಕೆ

ದೂರದ ದೇಶವನ್ನು ಮೊದಲು ನೋಡಿ ಹತ್ತಿರದ ಊರನ್ನು ಕಡೆಗೆ ನೋಡುವುದು ಈಗಿನವರ ವಾಡಿಕೆಯಾಗಿದೆ. ನಾವೂ ಇದಕ್ಕೆ ಹೊರತಲ್ಲ. ನಮ್ಮ ಮಗಳು ಉದ್ಯೋಗನಿಮಿತ್ತವಾಗಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ನೆಲಸಿದ್ದಾಳೆ. ಅವಳ ಒತ್ತಾಯಕ್ಕೆ ಕಟ್ಟುಬಿದ್ದು 2023ರ ಬೇಸಗೆಯಲ್ಲಿ ನಾವು ದಂಪತಿಗಳು ಆ ದೇಶದಲ್ಲಿ ಐದು ವಾರಗಳನ್ನು ಕಳೆದೆವು. ಪ್ಯಾರಿಸ್ ನಗರದ ವರ್ಣನೆಯನ್ನು ವಾಚಕರು ಅನೇಕ ಕಡೆಗಳಲ್ಲಿ ಓದಿರುವುದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ. ಅಲ್ಲಿ ನಮಗೆ ಕಾಲುನೋವು ಬಂದಿತೆಂದಷ್ಟೇ ಹೇಳಿದರೆ ಸಾಕು. ಲಿಯೋನಿನಲ್ಲಿ ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವ ಸ್ಥಳದಲ್ಲಿ ಸಂಜೆಯ ಹೊತ್ತು ಕುಳಿತಿರುತ್ತಿದ್ದೆವು. ಅಲ್ಲಿಂದ ದಕ್ಷಿಣಕ್ಕಿಳಿದು, ಹದಿನಾಲ್ಕನೆಯ ಶತಮಾನದಲ್ಲಿ ಪೋಪರು ನೆಲಸಿದ್ದ ಆವಿನ್ಯೋನ್ ಪಟ್ಟಣವನ್ನೂ, ರೋನ್ ನದಿಯ ನಡುವೆಯೇ ನಿಂತುಹೋಗಿರುವ ಅಲ್ಲಿನ ಹಳೆಯ ಸೇತುವೆಯನ್ನೂ ನೋಡಿದೆವು. ಇಪ್ಪತ್ತೆರಡು ಕಮಾನುಗಳಿದ್ದ ಆ ಸೇತುವೆಯಲ್ಲಿ ಈಗ ಉಳಿದಿರುವುವು ನಾಲ್ಕೇ. ಕಡೆಗೆ, ಸಮುದ್ರತೀರದಲ್ಲಿ ಇಟಲಿಯ ಗಡಿಗೆ ಅಂಟಿಕೊಂಡಿರುವ ಮೆಂಟೋನ್ ಎಂಬ ಊರಿನಲ್ಲಿ ಎರಡು ದಿನವಿದ್ದು, ಅಲ್ಲಿ ಹೆಸರಾದ ನಿಂಬೆಹಣ್ಣಿನ ಮಿಠಾಯಿಯನ್ನು ಕೊಂಡು ತಿಂದೆವು. ಈ ಮೆಂಟೋನಿನ ಸಂಗತಿ ಮುಂದೆ ಮತ್ತೊಮ್ಮೆ ಬರುವುದು.

ಪಟ್ಟಣಗಳಿಗಿಂತ ನಮ್ಮ ಮನಸ್ಸನ್ನು ಹಿಡಿದವು ಅಲ್ಲಿಯ ಹಳ್ಳಿಗಳು. ದ್ರಾಕ್ಷಿಯ ತೋಟಗಳ ನಡುವೆ ನೂರೈವತ್ತು ಮನೆಗಳ ಊರಾದರೂ ಸರಿಯೆ, ಊರ ನಡುವೆ ಒಂದು ಕಲ್ಲಿನ ಕಂಬ ನಿಂತಿರುವುದು. ಅದರ ಮೇಲೆ 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ ಮಡಿದ ಆ ಊರಿನ ಮಕ್ಕಳ ಹೆಸರುಗಳನ್ನು ಕೊರೆದಿರುವರು. ನಮ್ಮ ಸಹಧರ್ಮಿಣಿಗೆ ಫ್ರೆಂಚ್ ಭಾಷೆ ಬಾರದು. ಆದರೂ ಪ್ರತಿಯೊಂದು ಕಂಬದ ಮುಂದೆಯೂ ನಿಂತು ಆ ಹೆಸರುಗಳನ್ನು ಅಕ್ಷರವಕ್ಷರವಾಗಿ ಓದುತ್ತಿದ್ದಳು. ಬಿಸಿಲೇರುತ್ತಿದೆಯೆಂದು ನಾವು ಅವಸರಪಡಿಸಿದರೆ, "ಯಾರಾದರೂ ಓದಲೆಂದೇ ಅಲ್ಲವೆ ಬರೆದಿರುವುದು?" ಎನ್ನುವಳು.

ಆವಿನ್ಯೋನಿಗೆ ಸಮೀಪದ ಅಂತಹ ಒಂದು ಹಳ್ಳಿಯಲ್ಲಿ ನಾವು ಇಳಿದುಕೊಂಡಿದ್ದ ಮನೆಯ ವೃದ್ಧ ಗೃಹಿಣಿಯು ಒಂದು ರಾತ್ರಿ ಊಟವಾದ ಮೇಲೆ, "ನಿಮ್ಮ ಊರಿನಲ್ಲಿ ಯಾವ ನದಿ ಹರಿಯುವುದು?" ಎಂದು ಕೇಳಿದಳು. ಮಗಳು ಅದನ್ನು ಕನ್ನಡದಲ್ಲಿ ತಿಳಿಸಿದಳು. ನಾವಿರುವ ಬೆಂಗಳೂರಿನಲ್ಲಿ ಹೇಳಿಕೊಳ್ಳುವಂತಹ ನದಿಯಿಲ್ಲ. ಮನೆಯಾಕೆ ತುಸು ಯೋಚಿಸಿ, "ನಮ್ಮ ತಾಯಿಯ ನದಿ ಕೃಷ್ಣೆ, ಊರು ತಿಂಥಣಿ" ಎಂದಳು. ಆ ಊರು ಹೇಗಿದೆ, ನದಿಯ ದಡದಲ್ಲಿ ಮರಗಳಿವೆಯೆ, ದೋಣಿಗಳಿವೆಯೆ ಎಂದು ಮುದುಕಿ ಕೇಳುತ್ತ ಹೋದಳು. ಮನೆಯಾಕೆಗೆ ಉತ್ತರ ತೋಚಲಿಲ್ಲ. "ನಾನು ನೋಡಿಲ್ಲ" ಎಂದು ಬಹಳ ಮೆಲ್ಲಗೆ ಹೇಳಿದಳು. ಮಗಳು ಅದನ್ನು ಫ್ರೆಂಚಿಗೆ ತಿರುಗಿಸುವಾಗ ನಾವು ತಲೆ ತಗ್ಗಿಸಿದ್ದೆವು; ಏಕೆಂದರೆ ಆ ಮಾತಿನಲ್ಲಿ ನಮ್ಮ ತಪ್ಪೂ ಇದ್ದಿತು.

ಸಂಗತಿಯೇನೆಂದರೆ, ನಮ್ಮ ಅತ್ತೆಯವರು ಹುಟ್ಟಿದ್ದು ಸುರಪುರ ಸೀಮೆಯ ತಿಂಥಣಿಯಲ್ಲಿ, ಬಡಿಗತನದ ಮನೆಯಲ್ಲಿ. ಆಗ ಆ ಸೀಮೆಯೆಲ್ಲ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. 1948ರಲ್ಲಿ ರಜಾಕಾರರ ಹಾವಳಿ ಮಿತಿಮೀರಿ, ಗಡಿಯ ಸಮೀಪದ ಅನೇಕ ಸಂಸಾರಗಳು ಮನೆಮಾರುಗಳನ್ನು ಬಿಟ್ಟು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಗೆ ಓಡಿಹೋದುವು. ಅತ್ತೆಯವರಿಗೆ ಆಗ ಒಂಬತ್ತು ವರ್ಷ. ಕತ್ತಲೆಯಲ್ಲಿ ಎತ್ತಿನ ಗಾಡಿಯ ಗಾಲಿಗಳಿಗೆ ಸದ್ದಾಗದಂತೆ ಹಳೆಯ ಗೋಣಿಯನ್ನು ಸುತ್ತಿ ತಾಳಿಕೋಟೆಯ ಕಡೆಗೆ ಹೊರಟರಂತೆ. ಗಾಡಿಯಲ್ಲಿ ಕುಳಿತಿದ್ದ ಅವರ ತಾಯಿ, "ಮೋನಪ್ಪಯ್ಯಾ, ಮಕ್ಕಳು ಜೀವದಿಂದ ಗಡಿ ಮುಟ್ಟಿದರೆ ತಿರುಗಿ ಬಂದು ಐದು ಸೇರು ಸಕ್ಕರೆ ಓದಿಸುತ್ತೇನೆ" ಎಂದು ಹರಕೆ ಹೊತ್ತರು. ಸಕ್ಕರೆ ಓದಿಸುವುದೆಂದರೆ ಆ ಕಡೆ ಪೀರರ ಮುಂದೆ ಸಕ್ಕರೆಯಿಟ್ಟು ಫಾತಿಹಾ ಓದಿಸಿ ಎಲ್ಲರಿಗೂ ಹಂಚುವುದು. ಹಿಂದೂಗಳೂ ಮುಸಲ್ಮಾನರೂ ಇದನ್ನು ನಡೆಸುವರು. ರಜಾಕಾರರಿಗೆ ಹೆದರಿ ಓಡುತ್ತಿದ್ದ ಹೆಂಗಸು ಪೀರರ ರೀತಿಯಲ್ಲಿಯೇ ಹರಕೆ ಹೊತ್ತಳೆಂಬುದನ್ನು ಅತ್ತೆಯವರು ಸಹಜವೆಂಬಂತೆ ಹೇಳುತ್ತಿದ್ದರು. ನಾವು ಮಾತ್ರ ಕೇಳಿದಾಗಲೆಲ್ಲ ಬೆರಗಾಗುತ್ತಿದ್ದೆವು.

ಮಕ್ಕಳು ಜೀವದಿಂದ ಗಡಿ ಮುಟ್ಟಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಆದರೆ ಅಷ್ಟರಲ್ಲಿ ತಂದೆಗೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಮರಗೆಲಸ ದೊರೆತಿದ್ದಿತು. ಊರಿನ ಮನೆ ಯಾರ ಪಾಲಾಯಿತೆಂಬುದು ತಿಳಿಯಲಿಲ್ಲ. ಒಂದರ ಮೇಲೊಂದು ಮದುವೆ, ಬಾಣಂತನ, ಸಾವು. ಹರಕೆಯು ತಾಯಿಯಿಂದ ಮಗಳಿಗೆ ಬಂದಿತು. ಅತ್ತೆಯವರು ನಮ್ಮ ಮನೆಯಲ್ಲಿಯೇ ಇದ್ದ ಕಡೆಯ ಹನ್ನೆರಡು ವರ್ಷಗಳಲ್ಲಿ ವರ್ಷಕ್ಕೊಮ್ಮೆ, ಮಾಘಮಾಸ ಬಂದಿತೆಂದರೆ, "ತಿಂಥಣಿ ಜಾತ್ರಿ ಬಂತು" ಎಂದು ನೆನಪಿಸುತ್ತಿದ್ದರು. ನಾವು "ಮುಂದಿನ ವರ್ಷ ಹೋಗೋಣ" ಎನ್ನುತ್ತಿದ್ದೆವು. 2021ರಲ್ಲಿ ಅವರು ತೀರಿಕೊಂಡರು. ಫ್ರಾನ್ಸಿಗೆ ಹೋಗಲು ಟಿಕೇಟು ಕೊಳ್ಳುವುದಕ್ಕೆ ನಮಗೆ ಹಿಡಿದದ್ದು ಒಂದು ಮಧ್ಯಾಹ್ನ.

ಹೀಗಾಗಿ 2024ರ ಮಾಘ ಬಹುಳದಲ್ಲಿ, ಜಾತ್ರೆ ಮುಗಿದು ಜನಸಂದಣಿ ಕರಗಿದ ಮೇಲೆ, ನಾಲ್ಕು ದಿನಗಳ ಬಿಡುವು ಮಾಡಿಕೊಂಡು ಹೊರಟೆವು. ಬೆಂಗಳೂರಿನಿಂದ ರೈಲಿನಲ್ಲಿ ಯಾದಗಿರಿಗೆ ಒಂದು ರಾತ್ರಿಯ ಪ್ರಯಾಣ. ರಾಯಚೂರನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಗಾಡಿ ಉದ್ದವಾದ ಸೇತುವೆಯೊಂದನ್ನು ದಾಟುವುದು, ಅದೇ ಕೃಷ್ಣೆ. ಮನೆಯಾಕೆ ಕಿಟಕಿಯ ಬಳಿ ಎದ್ದು ಕುಳಿತಿದ್ದಳು. ನಸುಬೆಳಕಿನಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ನೀರು ಹೊಳೆಯಿತು. ಕೈಚೀಲದಿಂದ ಒಂದು ನಾಣ್ಯವನ್ನು ತೆಗೆದು ನದಿಗೆ ಎಸೆಯಹೋದರೆ ಗಾಜಿನ ಕಿಟಕಿ ಮುಚ್ಚಿದ್ದಿತು. ಇಂದಿನ ಸುಖಾಸನದ ಗಾಡಿಗಳಲ್ಲಿ ನದಿಗೆ ಕಾಸು ಹಾಕುವ ಭಾಗ್ಯವೂ ಇಲ್ಲ.

ಯಾದಗಿರಿಯಿಂದ ಕಾರಿನಲ್ಲಿ ಭೀಮಾನದಿಯನ್ನು ದಾಟಿ ಶಹಾಪುರದ ಕಡೆಗೆ ಹೋದೆವು. ಇದೇ ಭೀಮೆಯ ದಡದಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠದ ಕಲ್ಲೇ ಅಶೋಕ ಚಕ್ರವರ್ತಿಯ ಶಾಸನವೆಂದು ಹೊರಬಿದ್ದಿತು. ಅದನ್ನು ನೋಡಲು ಹೋದರೆ ಒಂದು ದಿನ ಪೂರ್ತಿ ಬೇಕು, ಆಸೆಯನ್ನು ತಡೆದುಕೊಂಡೆವು. ಶಹಾಪುರದ ಹತ್ತಿರ ಚಾಲಕನು ಕಾರನ್ನು ತಾನಾಗಿಯೇ ನಿಲ್ಲಿಸಿ, "ಅಲ್ನೋಡ್ರಿ ಸರ, ಬುದ್ಧ ಮಲಗ್ಯಾನ" ಎಂದನು. ನಾಲ್ಕು ಗುಡ್ಡಗಳು ಒಂದಕ್ಕೊಂದು ತಾಗಿ, ಹಣೆ, ಮೂಗು, ಎದೆ, ಚಾಚಿದ ಕಾಲುಗಳಾಗಿ, ಆಕಾಶವನ್ನು ನೋಡುತ್ತ ಅಂಗಾತ ಮಲಗಿದ ಒಬ್ಬ ಮಹಾಪುರುಷನಂತೆ ಕಾಣುವುವು. ನಾವು ಶಿಲ್ಪಕಲೆಯನ್ನು ನೋಡಲು ಎಷ್ಟೋ ದೂರ ಹೋಗಿ ಚೀಟಿ ಕೊಂಡು ಸಾಲಿನಲ್ಲಿ ನಿಂತದ್ದುಂಟು. ಇಲ್ಲಿ ಚೀಟಿಯಿಲ್ಲ, ಸಾಲಿಲ್ಲ. ರಸ್ತೆಯ ಬದಿಯಲ್ಲಿ ಒಬ್ಬನು ಹಸಿ ಕಡಲೆಯ ಗಿಡಗಳನ್ನು ಮಾರುತ್ತಿದ್ದನು.

ಸುರಪುರವು ಬೆಟ್ಟಗಳ ಮಡಿಲಿನಲ್ಲಿರುವ ಊರು. ಬೇಡ ನಾಯಕರ ರಾಜಧಾನಿಯಾಗಿ ಇದು ಮೆರೆದ ಚರಿತ್ರೆಯನ್ನು ವಾಚಕರು ಕೇಳಿರಬಹುದು. ನಾವು ಮೊದಲು ನೋಡಹೋದದ್ದು ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು. ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲನು ನಿಜಾಮರ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಠಕ್ಕರ ವಿಷಯವಾಗಿ 1839ರಲ್ಲಿ ಒಂದು ಕಾದಂಬರಿಯನ್ನು ಬರೆದು ಇಂಗ್ಲೆಂಡಿನಲ್ಲಿ ಹೆಸರು ಗಳಿಸಿದ್ದನು. 1841ರಲ್ಲಿ ಸುರಪುರಕ್ಕೆ ಬಂದು, ದೊರೆ ತೀರಿಕೊಂಡು ರಾಜಕುಮಾರನಾದ ವೆಂಕಟಪ್ಪ ನಾಯಕನು ಇನ್ನೂ ಬಾಲಕನಾಗಿದ್ದುದರಿಂದ, 1853ರ ವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಈ ಬಂಗಲೆಯನ್ನು ಕಟ್ಟಿಸಿದವನು ಅವನೇ. ಅದರ ಜಗಲಿಯ ಮೇಲೆ ನಿಂತರೆ ಕೆಳಗೆ ಊರು, ಆಚೆಗೆ ಬಂಡೆಗಳ ಬೆಟ್ಟ, ಅದರಾಚೆಗೆ ಕಣ್ಣು ಹಾಯುವವರೆಗೆ ಬಯಲು. ಸ್ಥಳವನ್ನು ಆರಿಸುವುದರಲ್ಲಿ ಆತನ ಕಣ್ಣು ಕಣ್ಣೇ ಸರಿ.

ತಂದೆಯಿಲ್ಲದ ಆ ಬಾಲಕನು ಟೇಲರನನ್ನು "ಅಪ್ಪಾ" ಎಂದು ಕರೆಯುತ್ತಿದ್ದನು. ಪ್ರಾಪ್ತವಯಸ್ಕನಾಗಿ ಪಟ್ಟವೇರಿದ ಐದನೆಯ ವರ್ಷದಲ್ಲಿ, ಎಂದರೆ 1858ರ ಫೆಬ್ರುವರಿಯಲ್ಲಿ, ಅದೇ ವೆಂಕಟಪ್ಪ ನಾಯಕನು ಆಂಗ್ಲರ ಮೇಲೆ ದಂಗೆಯೆದ್ದನು. ಸುರಪುರದ ಹೊರಗೆ ಕಾಳಗವಾಯಿತು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಸೆರೆಯಲ್ಲಿದ್ದವನನ್ನು ನೋಡಲು ಟೇಲರನು ಹೋದಾಗ, ಆ ಯುವಕನು ಮತ್ತೆ "ಅಪ್ಪಾ" ಎಂದೇ ಕರೆದು ಅವನನ್ನು ತಬ್ಬಿಕೊಂಡನೆಂದು ಟೇಲರನ ಆತ್ಮಚರಿತ್ರೆ ತಿಳಿಸುವುದು. ಮರಣದಂಡನೆಯು ಇಳಿದು ನಾಲ್ಕು ವರ್ಷಗಳ ಸೆರೆಯಾಯಿತು. ಮದರಾಸಿನ ಕಡೆಯ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ದಾರಿಯಲ್ಲಿಯೇ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ತಾನೇ ಹಾರಿಸಿಕೊಂಡನೆಂದು ಆಂಗ್ಲರ ಬರಹ. ಸುರಪುರದವರು ಇದನ್ನು ನಂಬಲೊಲ್ಲರು; ಅವರ ಪಾಲಿಗೆ ಅವನು ಸ್ವಾತಂತ್ರ್ಯಕ್ಕಾಗಿ ಮಡಿದ ವೀರ. ವಯಸ್ಸು ಇಪ್ಪತ್ತನಾಲ್ಕು. ಟೇಲರನು ಆ ಹುಡುಗನನ್ನು ಪ್ರೀತಿಸಿದ್ದು ನಿಜ, ಅವನ ರಾಜ್ಯವನ್ನು ತನ್ನವರ ಕೈಯಲ್ಲಿಟ್ಟು ಆಳಿದ್ದೂ ನಿಜ. ಎರಡನ್ನೂ ಒಂದೇ ಮನೆಯ ಜಗಲಿಯ ಮೇಲೆ ನಿಂತು ಯೋಚಿಸುವಾಗ ಮನಸ್ಸಿಗೆ ಸಮಾಧಾನವಾಗದು.

ಆ ರಾತ್ರಿ ವಸತಿಗೃಹದಲ್ಲಿ, ನಮ್ಮೊಡನೆ ತಂದಿದ್ದ ಆತ್ಮಚರಿತ್ರೆಯ ಕಡೆಯ ಪುಟಗಳನ್ನು ತಿರುವಿದೆವು. ಟೇಲರನ ಮಗಳು ಅದನ್ನು ತಂದೆಯ ಮರಣಾನಂತರ 1877ರಲ್ಲಿ ಪ್ರಕಟಿಸಿದಳು. ಮುಪ್ಪಿನಲ್ಲಿ ಹೈದರಾಬಾದನ್ನು ಇನ್ನೊಮ್ಮೆ ನೋಡಬೇಕೆಂದು ಬಂದ ಟೇಲರನು ಕಾಯಿಲೆಯಿಂದ ಕುಗ್ಗಿ ಹಿಂದಿರುಗುತ್ತ, ಸ್ವದೇಶವನ್ನು ಮುಟ್ಟದೆ, 1876ರ ಮೇ ತಿಂಗಳಿನಲ್ಲಿ ಪ್ರಾಣಬಿಟ್ಟ ಊರು ಯಾವುದೆಂದರೆ ಫ್ರಾನ್ಸಿನ ಮೆಂಟೋನ್! ಹಿಂದಿನ ವರ್ಷ ಅದೇ ಊರಿನ ಬೀದಿಗಳಲ್ಲಿ ನಾವು ನಿಂಬೆಯ ಮಿಠಾಯಿಯನ್ನು ಚಪ್ಪರಿಸುತ್ತ ಅಲೆದಿದ್ದೆವು. ಸುರಪುರದ ಅರಸುಮಗ ಅಪ್ಪನೆಂದವನು ಅಲ್ಲಿ ಕಣ್ಮುಚ್ಚಿದನೆಂದು ನಮಗೆ ಹೇಳುವವರಿರಲಿಲ್ಲ. ಹೇಳಿದ್ದರೂ, ಸುರಪುರವನ್ನೇ ನೋಡದಿದ್ದ ನಮಗೆ ಅದೇನು ತಾಗುತ್ತಿತ್ತು?

ಮರುದಿನ ಬೆಳಗ್ಗೆ ಸುರಪುರದ ಪೇಟೆಯಲ್ಲಿ ಸಕ್ಕರೆ ಕೊಳ್ಳಲು ಹೋದೆವು. ಐದು ಸೇರು ಎಂದೊಡನೆ ಅಂಗಡಿಯ ಹುಡುಗನು ಮುಖ ನೋಡಿದನು. "ಸೇರು ಅಂದ್ರ ಎಷ್ಟ್ರೀ?" ಎಂದು ಒಳಗಿದ್ದ ತಂದೆಯನ್ನು ಕೂಗಿ ಕೇಳಿದನು. ಕಿಲೋಗಿಂತ ತುಸು ಕಡಿಮೆಯೆಂದು ಉತ್ತರ ಬಂದಿತು. ಮನೆಯಾಕೆ ಆರು ಕಿಲೋ ಕಟ್ಟಿಸಿದಳು. ಹೆಚ್ಚಿನದೇಕೆಂದು ಕೇಳಿದ್ದಕ್ಕೆ, "ಎಪ್ಪತ್ತಾರು ವರ್ಷದ ಬಡ್ಡಿ" ಎಂದಳು. ನಗುತ್ತ ಹೇಳಿದಳಾದರೂ ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವಳು ಹೆಚ್ಚಾಗಿ ಮಾತನಾಡಲಿಲ್ಲ.

ಸುರಪುರದ ಪಶ್ಚಿಮಕ್ಕೆ ವಾಗಣಗೇರಾ ಕೋಟೆ. 1705ರಲ್ಲಿ ಮೊಗಲ್ ಬಾದಶಹ ಔರಂಗಜೇಬನು, ಎಂಬತ್ತಾರನೆಯ ವಯಸ್ಸಿನಲ್ಲಿ, ತಾನೇ ದಂಡನ್ನು ನಡೆಸಿ ಬಂದು ಮೂರು ತಿಂಗಳ ಹೊತ್ತು ಮುತ್ತಿ ಹಿಡಿದದ್ದು ಇದನ್ನೇ. ಕೋಟೆ ಕೈಗೆ ಬರುವಷ್ಟರಲ್ಲಿ ಪಿಡ್ಡ ನಾಯಕನು ತನ್ನ ಬೇಡರೊಡನೆ ಕಣ್ತಪ್ಪಿಸಿ ಹೊರಟುಹೋಗಿದ್ದನು. ಬಾದಶಹನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಅಲ್ಲಿಂದ ಕೃಷ್ಣೆಯ ಸಮೀಪದ ದೇವಾಪುರಕ್ಕೆ ಬಂದು ಬೀಡುಬಿಟ್ಟು, ಕಾಯಿಲೆ ಬಿದ್ದು, ಮಳೆಗಾಲವನ್ನೆಲ್ಲ ಅಲ್ಲಿಯೇ ಕಳೆದನು. ಎರಡು ವರ್ಷಗಳಲ್ಲಿ ತೀರಿಕೊಂಡನು. ಹಿಂದೆ ಜೋಳವೊಂದನ್ನೇ ಬೆಳೆಯುತ್ತಿದ್ದ ಕಪ್ಪು ನೆಲಕ್ಕೆ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೆ ಈ ದಾರಿಯಲ್ಲಿ ಭತ್ತದ ಗದ್ದೆಗಳು ಹಬ್ಬಿವೆ. ಹಸುರು ಕಣ್ಣಿಗೆ ತಂಪೆನಿಸಿತು. ಆದರೆ ಅತ್ತೆಯವರು ಬಣ್ಣಿಸುತ್ತಿದ್ದ ಬಿಳಿಜೋಳದ ಹೊಲಗಳನ್ನು ಹುಡುಕುತ್ತಿದ್ದ ನಮಗೆ, ದಾರಿ ತಪ್ಪಿ ಬೇರೆಲ್ಲಿಗೋ ಬಂದೆವೇನೋ ಎಂದೂ ಅನಿಸಿತು.

ತಿಂಥಣಿಯು ದೊಡ್ಡ ಊರಲ್ಲ. ನದಿಗೆ ಉದ್ದವಾದ ಸೇತುವೆಯಿದೆ. ಆಚೆಯ ದಡ ರಾಯಚೂರು ಜಿಲ್ಲೆ. ಮಾಘದಲ್ಲಿ ಕೃಷ್ಣೆ ಬಡವಾಗಿರುವಳು: ದುಂಡು ಬಂಡೆಗಳು, ಅವುಗಳ ನಡುವೆ ಎರಡು ಮೂರು ಕವಲಾಗಿ ಸದ್ದಿಲ್ಲದೆ ಸಾಗುವ ನೀರು, ಬಟ್ಟೆ ಒಗೆಯುವ ಹೆಂಗಸರು, ಮೈ ತೊಳೆಸಿಕೊಳ್ಳುವ ಎಮ್ಮೆಗಳು. ಮೇಲಿನ ಅಣೆಕಟ್ಟಿನಿಂದ ಮಳೆಗಾಲದಲ್ಲಿ ನೀರು ಬಿಟ್ಟಾಗ ಈ ಬಂಡೆಗಳಲ್ಲಿ ಒಂದೂ ಕಾಣದಂತೆ. ಮನೆಯಾಕೆ ದಡದಲ್ಲಿ ನಿಂತು ಮರಗಳನ್ನೂ ದೋಣಿಗಳನ್ನೂ ಗಮನವಿಟ್ಟು ನೋಡಿದಳು. ಏಕೆಂದು ನಾವು ಕೇಳಲಿಲ್ಲ.

ಮೌನೇಶ್ವರರ ಗುಡಿಯನ್ನು ಮೊದಲ ಸಲ ನೋಡುವವರಿಗೆ ಇದು ಗುಡಿಯೋ ದರ್ಗೆಯೋ ಎಂಬ ಸಂದೇಹ ಬಾರದಿರದು. ಎರಡೂ ಕಡೆಯ ಕಟ್ಟಡದ ರೀತಿಗಳು ಇಲ್ಲಿ ಬೆರೆತುಕೊಂಡಿವೆ. ಈ ಸಂತರು ಸುರಪುರದ ಸಮೀಪದ ದೇವರಗೋನಾಲದಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದವರು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿದ್ದು, ವಚನಗಳನ್ನು ಬರೆದು, ತಿಂಥಣಿಯಲ್ಲಿ ನೆಲೆನಿಂತರು. ಮೌನೇಶ್ವರ, ಮೋನಪ್ಪಯ್ಯ ಎಂದು ಹಿಂದೂಗಳು ಕರೆದರೆ, ಪೀರರ ಸಾಲಿನಲ್ಲಿಟ್ಟು ಮೌನುದ್ದೀನರೆಂದು ಹಾಡುವುದೂ ಉಂಟು. ಜಾತ್ರೆಯಲ್ಲಿ ಭಕ್ತರು ಕೂಗುವ ಘೋಷವೂ ಹಿಂದೂಸ್ಥಾನೀ ಮಾತಿನಲ್ಲಿದ್ದು, ಒಂದು ಲಕ್ಷದ ಎಂಬತ್ತು ಸಾವಿರ ಪೀರರನ್ನು ನೆನೆಯುವುದು. ಬಡಿಗನ ಮನೆಯ ಹೆಂಗಸು ತನ್ನ ಕುಲದಲ್ಲಿಯೇ ಹುಟ್ಟಿದ ಸಂತನಿಗೆ ಸಕ್ಕರೆ ಓದಿಸುವ ಹರಕೆ ಹೊತ್ತುದರ ಮರ್ಮ ಆ ಅಂಗಳದಲ್ಲಿ ನಿಂತ ಮೇಲೆ ನಮಗೆ ತಿಳಿಯಿತು. ಅವಳಿಗೆ ಅಲ್ಲಿ ಎರಡು ಮತಗಳು ಕಂಡಿರಲಿಲ್ಲ. ಒಬ್ಬ ಅಪ್ಪ ಕಂಡಿದ್ದನು.

ಜಾತ್ರೆಯ ಅಂಗಡಿಗಳಲ್ಲಿ ನಾಲ್ಕೈದು ಇನ್ನೂ ಉಳಿದಿದ್ದುವು. ಬೆಂಡುಬತ್ತಾಸು ಮಾರುವವನು ಗೋಣಿ ಮಡಿಸುತ್ತಿದ್ದನು. ಗುಡಿಯಲ್ಲಿದ್ದ ವೃದ್ಧರೊಬ್ಬರಿಗೆ ಮನೆಯಾಕೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು: ಗಾಡಿ, ಕತ್ತಲೆ, ಹರಕೆ, ಹುಬ್ಬಳ್ಳಿ. ಓದಿಸುವುದು ಇಲ್ಲಿಯ ಕ್ರಮದಲ್ಲಿ ಹೇಗೆಂಬುದೂ ತನಗೆ ತಿಳಿಯದೆಂದು ಹೇಳಿಕೊಂಡಳು. ಅವರು ಕಿವಿಗೆ ಕೈಯಿಟ್ಟು ಪೂರ್ತಿ ಕೇಳಿದರು.

"ಓದಸೂದು ಅಂತ ಬೇಡ್ಕೊಂಡಾರೋ, ಏರ್ಸೂದು ಅಂತ ಬೇಡ್ಕೊಂಡಾರೋ, ಅದ್ರಾಗೇನದ ತಾಯಿ? ಅಪ್ಪನ ಮುಂದ ಇಡ್ರಿ. ಬಂದವ್ರಿಗೆಲ್ಲ ಹಂಚ್ರಿ. ಮುಟ್ತದ."

"ಬಹಳ ತಡವಾಯಿತು" ಎಂದಳು ಮನೆಯಾಕೆ.

"ಏನ್ ತಡ? ಜಾತ್ರಿ ಮುಗದು ಹತ್ತ ದಿನ ಆಗ್ಯಾವ, ಅಷ್ಟ" ಎಂದು ಅವರು ಸಕ್ಕರೆಯ ಚೀಲಕ್ಕೆ ಕೈ ಚಾಚಿದರು.

ಹಂಚುವುದಕ್ಕೆ ಒಂದು ಗಂಟೆ ಹಿಡಿಯಿತು. ಶಾಲೆ ಬಿಟ್ಟ ಮಕ್ಕಳು ಎರಡು ಸಲ ಬಂದು ಕೈಯೊಡ್ಡಿದವು, ಗೊತ್ತಾದರೂ ಕೊಟ್ಟೆವು. ತಲೆಗೆ ಟೊಪ್ಪಿಗೆಯಿಟ್ಟಿದ್ದ ಮುದುಕರೊಬ್ಬರು ಅಂಗೈಯ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಂಗಳದ ನೆರಳಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಮನೆಯಾಕೆಯ ಕೈ ಹಿಡಿದು, "ಯಾರ ಮಗಳವ್ವಾ ನೀನು?" ಎಂದು ಕೇಳಿದಳು.

"ಇಲ್ಲಿಯ ಬಡಿಗೇರ ಮನೆಯ ಮೊಮ್ಮಗಳು."

"ಬಡಿಗೇರ ಮನಿ ಭಾಳ ಇದ್ದುವು. ಯಾವ ಬಡಿಗೇರ?"

ಅಜ್ಜನ ಹೆಸರನ್ನು ಹೇಳಿದಳು. ಮುದುಕಿಗೆ ನೆನಪಾಗಲಿಲ್ಲ. ಮತ್ತೆ ಇಬ್ಬರು ಮೂವರನ್ನು ಕರೆದು ಕೇಳಿದಳು, ಅವರಿಗೂ ತಿಳಿಯದು. ಆದರೂ ಬರಿಗೈಯಲ್ಲಿ ಕಳುಹಿಸಬಾರದೆಂದು, ಕೋಲೂರಿಕೊಂಡು ಓಣಿಯುದ್ದಕ್ಕೂ ನಮ್ಮನ್ನು ನಡೆಸಿ, ಹಿಂದೆ ಬಡಿಗೇರು ಇದ್ದರೆಂದು ಹೇಳಿಕೆಯಿದ್ದ ಮೂರು ಮನೆಗಳನ್ನು ತೋರಿಸಿದಳು. ಒಂದು ಬಿದ್ದುಹೋಗಿ ಬರಿಯ ಗೋಡೆ ನಿಂತಿತ್ತು. ಒಂದಕ್ಕೆ ಹೊಸದಾಗಿ ಸಿಮೆಂಟು ಬಳಿದಿದ್ದರು. ಮೂರನೆಯದರಲ್ಲಿ ಹಳೆಯ ತೊಲೆ, ಮಣ್ಣಿನ ಮಾಳಿಗೆ. ಒಳಗಿನಿಂದ ಯಾರೋ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ತಮ್ಮ ಮನೆಯ ಜಗಲಿಯಲ್ಲಿ ಮಲಗಿದರೆ ರಾತ್ರಿ ನದಿಯ ಸದ್ದು ಕೇಳುತ್ತಿತ್ತೆಂದು ಅತ್ತೆಯವರು ಹೇಳುತ್ತಿದ್ದರು. ಮೂರು ಕಡೆಗಳಲ್ಲಿಯೂ ಕಿವಿಗೊಟ್ಟು ನಿಂತೆವು. ನೀರು ಇಳಿದಿದ್ದುದರಿಂದ ಎಲ್ಲಿಯೂ ಏನೂ ಕೇಳಲಿಲ್ಲ. ಮನೆಯಾಕೆ ಮೂರು ಹೊಸ್ತಿಲುಗಳನ್ನೂ ಮುಟ್ಟಿ ನಮಸ್ಕರಿಸಿದಳು. ಮೂರನೆಯ ಮನೆಯವರು, ಯಾರು ಏನೆಂಬುದನ್ನು ಆಮ್ಯಾಲೆ ಹೇಳಿರೆಂದು ಒಳಗೆ ಕರೆದು, ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂಡಿಗಳನ್ನು ಬಡಿಸಿದರು. ಉಳಿದಿದ್ದ ಸಕ್ಕರೆಯನ್ನು ಆ ಮನೆಯ ಮಕ್ಕಳಿಗೆ ಕೊಟ್ಟೆವು. ಒಂದು ಹಿಡಿಯನ್ನು ಮಾತ್ರ ಲಿಯೋನಿನ ಮಗಳಿಗೆಂದು ಕಾಗದದಲ್ಲಿ ಕಟ್ಟಿಕೊಂಡೆವು.

ಸಂಜೆ ಸುರಪುರಕ್ಕೆ ಹಿಂದಿರುಗಿದ ಮೇಲೆ ಮಗಳು ದೂರವಾಣಿಯಲ್ಲಿ ಮಾತನಾಡಿದಳು. ತನ್ನ ಅಜ್ಜಿಯ ಊರಿನ ಚಿತ್ರಗಳನ್ನು ಕಳುಹಿಸಿರೆಂದಳು. ನಮಗೆ ಆಗ ನೆನಪಾಯಿತು: ಫ್ರಾನ್ಸಿನಲ್ಲಿ ಸೇತುವೆ ಸೇತುವೆಗೂ ಚಿತ್ರ ತೆಗೆದ ನಾವು, ತಿಂಥಣಿಯಲ್ಲಿ ಒಂದನ್ನೂ ತೆಗೆದಿರಲಿಲ್ಲ. ಮಗಳು ಬೇಸರಪಟ್ಟಳು. ಮನೆಯಾಕೆ ಅದಕ್ಕೆ ಏನೂ ಹೇಳದೆ, ಆವಿನ್ಯೋನಿನ ಹಳ್ಳಿಯ ಆ ಮುದುಕಿಯ ವಿಳಾಸವನ್ನು ಮಗಳಿಂದ ಕೇಳಿ ಗುರುತು ಹಾಕಿಕೊಂಡಳು. ಊಟವಾದ ಮೇಲೆ ದೀಪದ ಬಳಿ ಕುಳಿತು ಆಕೆಗೆ ಕನ್ನಡದಲ್ಲಿಯೇ ಕಾಗದ ಬರೆಯತೊಡಗಿದಳು. ಫ್ರೆಂಚಿಗೆ ತಿರುಗಿಸುವ ಕೆಲಸ ಮಗಳದು. ದಡದಲ್ಲಿ ಜಾಲಿಯ ಮರಗಳಿವೆ, ದೋಣಿಗಳು ಕಾಣಲಿಲ್ಲ, ನೀರು ಈಗ ಕಡಿಮೆ ಎಂದು ಮೊದಲಾಯಿತು. ನಾವು ಮಲಗುವ ಹೊತ್ತಿಗೆ ಒಂದು ಹಾಳೆ ತುಂಬಿ, ಇನ್ನೊಂದು ಹಾಳೆ ಇದೆಯೇ ಎಂದು ಕೇಳಿದಳು.